ತಾತಯ್ಯನ ಪದ ಯಾವ ಕಪಾಟಿಗೆ?

ಕೈವಾರದ ತಾತಯ್ಯನವರ ತತ್ವಪದಗಳ ಪುಸ್ತಕವೊಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂತೆನ್ನಿ. ಪದಗಳ ಭಾಷೆ ತೆಲುಗು, ಅಚ್ಚಾಗಿರುವುದು ಕನ್ನಡ ಲಿಪಿಯಲ್ಲಿ, ಕೆಳಗೆ ಕೊಟ್ಟ ಅರ್ಥ ಕನ್ನಡದ್ದು. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಯ ಕಡೆಯವರಿಗೆ ಇದರಲ್ಲಿ ಸೋಜಿಗವೇನಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಭಜನೆಯಲ್ಲಿ ಎರಡೂ ಎಂಬುದು ಆ ಸೀಮೆಯ ನಿತ್ಯದ ಬದುಕು. ಗ್ರಂಥಪಾಲಕರಿಗೆ ಮಾತ್ರ ಅಲ್ಲೊಂದು ತೊಡಕು ಕಾದಿರುತ್ತದೆ. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ತೆಲುಗು ಸಾಹಿತ್ಯದ್ದು 894.827. ಇದು ಸಾಹಿತ್ಯವಲ್ಲ, ಧರ್ಮದ ಪುಸ್ತಕ ಎಂದುಕೊಂಡರೆ 294.5ರ ಸಾಲಿಗೆ ಹೋಗಬೇಕು. ಮೂರರಲ್ಲಿ ಯಾವ ಚೀಟಿ ಅಂಟಿಸಿದರೂ ತಪ್ಪೆನ್ನುವಂತಿಲ್ಲ. ಆದರೆ ತೆಲುಗು ಕಪಾಟಿಗೆ ಹೋದ ಪುಸ್ತಕ ಕನ್ನಡ ಎಂ.ಎ. ವಿದ್ಯಾರ್ಥಿಯ ಕಣ್ಣಿಗೆ ಬೀಳುವುದಿಲ್ಲ. ಧರ್ಮದ ಸಾಲಿಗೆ ಹೋದದ್ದು ಕನ್ನಡದವರಿಗೂ ತೆಲುಗಿನವರಿಗೂ ಸಿಗುವುದಿಲ್ಲ.

ಈಗಿನ ಕಂಪ್ಯೂಟರ್ ಸೂಚಿಯಲ್ಲಿ ಇದಕ್ಕೆ ದಾರಿಯಿದೆ. ಪುಸ್ತಕ ಕೂರುವುದು ಒಂದೇ ಕಪಾಟಿನಲ್ಲಾದರೂ ಅದರ ದಾಖಲೆಯಲ್ಲಿ ಎರಡು ಭಾಷೆಗಳ ಗುರುತು ಹಾಕಬಹುದು, ಲಿಪಿ ಯಾವುದೆಂದು ಬರೆಯಬಹುದು, ಕೈವಾರ ಎಂಬ ಊರಿನ ಹೆಸರನ್ನೂ ಸೇರಿಸಬಹುದು. ಆಗ ಯಾವ ಬಾಗಿಲು ತಟ್ಟಿದರೂ ಪುಸ್ತಕ ಓಗೊಡುತ್ತದೆ. ಪ್ರಶ್ನೆ ಇಷ್ಟೇ: ಹಾಗೆ ಕೂತು ಬರೆಯುವ ಕೈ ಇರಬೇಕು, ಆ ಕೈಗೆ ಎರಡು ಭಾಷೆ ಗೊತ್ತಿರಬೇಕು.

ಗ್ರಂಥಾಲಯವೆಂದರೆ ಪುಸ್ತಕ ಕೊಡುವ, ವಾಪಸು ಪಡೆಯುವ ಕೌಂಟರ್ ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಸಂಶೋಧನಾ ಗ್ರಂಥಾಲಯದ ನಿಜವಾದ ಕೆಲಸ ನಡೆಯುವುದು ಆ ಕೌಂಟರಿನ ಹಿಂದೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ದಾನವಾಗಿ ಪಡೆಯಬೇಕು, ಎಲ್ಲಿಡಬೇಕು, ಹೇಗೆ ಕಾಯಬೇಕು, ಯಾವುದನ್ನು ತೆಗೆದುಹಾಕಬೇಕು ಎಂಬ ತೀರ್ಮಾನಗಳು ಅಲ್ಲಿ ದಿನವೂ ಆಗುತ್ತಿರುತ್ತವೆ. ಐವತ್ತು ವರ್ಷದ ಮೇಲೆ ಒಂದು ಸೀಮೆಯ ಚರಿತ್ರೆಯನ್ನು ಯಾರು ಬರೆಯಬಲ್ಲರು, ಯಾರು ಬರೆಯಲಾರರು ಎಂಬುದು ಬಹುಪಾಲು ಅಲ್ಲೇ ನಿಶ್ಚಯವಾಗುತ್ತದೆ.

ಕೈವಾರವನ್ನೇ ತೆಗೆದುಕೊಳ್ಳಿ. ಈ ಊರಿನ ಶಾಸನ ಓದಬೇಕೆಂದವರು ಮೊದಲು ಬಿಚ್ಚಬೇಕಾದದ್ದು ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವನ್ನು. 1905ರಲ್ಲಿ ಹೊರಬಂದ ಅದರ ಮೇಲಿರುವ ಹೆಸರು ಕೋಲಾರ ಜಿಲ್ಲೆಯದು. ಕೈವಾರ ಈಗ ಇರುವ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಜಿಲ್ಲೆ ಒಡೆಯಿತೆಂದು ಹಳೆಯ ಸಂಪುಟ ಒಡೆಯುವುದಿಲ್ಲವಲ್ಲ. ಚಿಕ್ಕಬಳ್ಳಾಪುರ ಎಂದು ಹುಡುಕುವ ಹುಡುಗಿಗೆ ಕೋಲಾರದ ಸಂಪುಟ ಸಿಗಬೇಕಾದರೆ ಯಾರಾದರೂ ಸೂಚಿಯಲ್ಲಿ ಎರಡನ್ನೂ ಬೆಸೆದಿರಬೇಕು. ಆ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾಲಯ 1972ರಿಂದ ಹೊರತರತೊಡಗಿತು. ಹಳೆಯದೂ ಹೊಸದೂ ಒಂದೇ ಸಾಲಿನಲ್ಲಿ ನಿಂತಾಗ ಯಾವ ಸಂಪುಟ ಯಾವ ಮುದ್ರಣದ್ದು ಎಂದು ತಿಳಿಯದೆ ಸಂಶೋಧಕರು ತಡಕಾಡುವುದು ಸಾಮಾನ್ಯ.

ಶಾಸನದಿಂದ ಕೈಫಿಯತ್ತಿಗೆ ಬಂದರೆ ದಾರಿ ಇನ್ನೂ ದೂರ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ ತನ್ನ ಸಹಾಯಕರ ಮೂಲಕ ಕೈಫಿಯತ್ತು ಎನ್ನುವ ಊರೂರಿನ ವೃತ್ತಾಂತಗಳನ್ನು ಬರೆಸಿದ. ಆ ಕನ್ನಡ ಕಾಗದಗಳಲ್ಲಿ ಬಹಳಷ್ಟು ಕೊನೆಗೆ ನೆಲೆಯೂರಿದ್ದು ಮದ್ರಾಸಿನಲ್ಲಿ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ ಎಂದು ಅಚ್ಚು ಮಾಡಿದ ಮೇಲೆ ಅವು ಕನ್ನಡದ ಓದುಗರ ಮೇಜಿಗೆ ಬಂದವು. ನಡುವೆ ಹೆಚ್ಚು ಕಡಿಮೆ ಎರಡು ಶತಮಾನ ಕಳೆದಿತ್ತು. ಅದರಲ್ಲಿ ಬಹುಕಾಲ ಅವನ್ನು ಗೆದ್ದಲಿಗೆ ಬಿಡದೆ ಕಾದವರು ಮದ್ರಾಸಿನ ಸರ್ಕಾರಿ ಹಸ್ತಪ್ರತಿ ಭಂಡಾರದವರು. ಅವರಿಗೆ ನಾವು ಋಣಿಗಳು.

ಕಾದಿಡುವುದರ ಫಲ ಏನೆಂದು ತೋರಿಸಲು ಮೈಸೂರಿನ ಉದಾಹರಣೆಗಿಂತ ದೊಡ್ಡದು ಬೇಕಿಲ್ಲ. 1891ರಲ್ಲಿ ಅಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯಿತು. ತಂಜಾವೂರು ಕಡೆಯ ಪಂಡಿತರೊಬ್ಬರು ಅದಕ್ಕೆ ಒಪ್ಪಿಸಿದ ಗ್ರಂಥಲಿಪಿಯ ಓಲೆಗರಿ ಕಟ್ಟೊಂದನ್ನು ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಬೇರೆ ಗ್ರಂಥಗಳಲ್ಲಿ ಹೆಸರು ಮಾತ್ರ ಉಳಿದಿದ್ದ ಕೃತಿಯ ಪೂರ್ಣಪಾಠ 1909ರಲ್ಲಿ ಅಚ್ಚಾಯಿತು, ಇಂಗ್ಲಿಷ್ ಅನುವಾದ 1915ರಲ್ಲಿ. ಭಾರತದ ರಾಜ್ಯಶಾಸ್ತ್ರದ ಬಗ್ಗೆ ಪ್ರಪಂಚ ಮಾತಾಡುವ ರೀತಿಯೇ ಬದಲಾಯಿತು. ಆ ಪಂಡಿತರು ಬಾಗಿಲಿಗೆ ಬಂದಾಗ ‘ಜಾಗವಿಲ್ಲ, ತೆಗೆದುಕೊಂಡು ಹೋಗಿ’ ಎಂದು ಯಾರೂ ಹೇಳಲಿಲ್ಲ. ಬಂದ ಕಟ್ಟನ್ನು ಮೂಲೆಗೆ ಎಸೆಯಲೂ ಇಲ್ಲ, ಬಿಚ್ಚಿ ಓದಿ ಪಟ್ಟಿಗೆ ಸೇರಿಸಿದರು. ಶೋಧ ಎಂದು ನಾವು ಕೊಂಡಾಡುವುದರ ಒಳಗೆ ಇರುವುದು ಈ ಪಟ್ಟಿ ಮಾಡುವ ಕೆಲಸವೇ. ಆ ಭಂಡಾರ ಮುಂದೆ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತು.

ಹಾಗೆಂದು ಬಂದದ್ದನ್ನೆಲ್ಲ ಇಟ್ಟುಕೊಳ್ಳಲು ಆಗುತ್ತದೆಯೇ? ಆಗುವುದಿಲ್ಲ. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂದು ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳ ಕೊನೆಯದಾಗಿ ಬರೆದರು. ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವೊಂದನ್ನೂ ನೆಲೆಗೊಳಿಸಿದರು. ಬೆಳೆಯುವ ಜೀವಿಗೆ ಕಪಾಟು ಸಾಲುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅಲೆನ್ ಕೆಂಟ್ ಮತ್ತವರ ಸಂಗಡಿಗರು ನಡೆಸಿದ ಅಧ್ಯಯನ 1979ರಲ್ಲಿ ಪ್ರಕಟವಾಯಿತು. 1969ರಲ್ಲಿ ಕೊಂಡ ಪುಸ್ತಕಗಳಲ್ಲಿ ಶೇಕಡಾ 40ರಷ್ಟನ್ನು ಮುಂದಿನ ಆರು ವರ್ಷ ಯಾರೂ ಎರವಲು ಪಡೆದಿರಲಿಲ್ಲವಂತೆ. ಆ ಅಂಕಿ ಹಿಡಿದು ಪುಸ್ತಕ ಕೊಳ್ಳುವುದೇ ದಂಡ ಎಂದವರೂ ಇದ್ದರು. ಅದು ಅವಸರದ ಮಾತು. ಹತ್ತು ಪ್ರತಿ ಇರುವ ಹಳೆಯ ಪಠ್ಯಪುಸ್ತಕ ಓಡಾಡದಿದ್ದರೆ ಎಂಟನ್ನು ತೆಗೆಯಬಹುದು. ಒಂದೇ ಪ್ರತಿ ಉಳಿದಿರುವ ತತ್ವಪದದ ಪುಸ್ತಕಕ್ಕೆ ಮೂವತ್ತು ವರ್ಷಕ್ಕೊಮ್ಮೆ ಒಬ್ಬನೇ ಓದುಗ ಬಂದರೂ ಅದು ಇರಬೇಕಾದ್ದು ಅಲ್ಲಿಯೇ.

ನಮ್ಮಲ್ಲಿ ಪುಸ್ತಕ ತೆಗೆಯುವುದಕ್ಕೆ ಗ್ರಂಥಪಾಲಕರು ಹೆದರುವುದಕ್ಕೆ ಬೇರೆಯೇ ಕಾರಣವಿದೆ. ಅಕ್ಸೆಷನ್ ರಿಜಿಸ್ಟರಿನಲ್ಲಿ ಏರಿದ ಪುಸ್ತಕ ಸರ್ಕಾರಿ ಆಸ್ತಿ. ಕಾಣೆಯಾದರೆ ಆಡಿಟ್ ಆಕ್ಷೇಪಣೆ, ಕೊನೆಗೆ ನಿವೃತ್ತಿಯ ಹೊತ್ತಿಗೆ ತಾಪತ್ರಯ. ಇದರ ಭಯಕ್ಕೆ ಪುಸ್ತಕಗಳಿಗೆ ಬೀಗ ಬಿದ್ದದ್ದೂ ಉಂಟು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಇಲ್ಲಿ ಉದಾರವಾಗಿವೆ. ವರ್ಷದಲ್ಲಿ ಓದುಗರ ಕೈಗೆ ಹೋದ ಪ್ರತಿ 1,000 ಸಂಪುಟಕ್ಕೆ ಐದು ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇಲ್ಲದಿದ್ದರೆ, ಆ ನಷ್ಟ ಸಹಜ ಎಂದೇ ಅವು ಒಪ್ಪುತ್ತವೆ. 1,000 ರೂಪಾಯಿ ಮೀರಿದ ಅಥವಾ ಅಪರೂಪದ ಪುಸ್ತಕ ಕಳೆದರೆ ಮಾತ್ರ ತನಿಖೆ ತಪ್ಪದು. ಐವತ್ತು ಸಾವಿರಕ್ಕಿಂತ ಹೆಚ್ಚು ಸಂಪುಟ ಇರುವಲ್ಲಿ ಎಲ್ಲವನ್ನೂ ಎಣಿಸಬೇಕಿಲ್ಲ, ಮೂರು ವರ್ಷದೊಳಗೆ ಮಾದರಿ ತಪಾಸಣೆ ಸಾಕು. ಈ ನಿಯಮ ರಾಜ್ಯದ ವಿಶ್ವವಿದ್ಯಾಲಯಗಳ ಲೆಕ್ಕಪರಿಶೋಧಕರ ಮನಸ್ಸಿಗೂ ಇಳಿದರೆ ಎಷ್ಟೋ ಬೀಗಗಳು ತೆರೆದಾವು.

ಹಣದ ಲೆಕ್ಕ ಈಚೆಗೆ ಬದಲಾಗಿದೆ. ವಿದೇಶಿ ವಿಜ್ಞಾನ ನಿಯತಕಾಲಿಕಗಳ ಚಂದಾ ಬಹಳ ವರ್ಷ ವಿಶ್ವವಿದ್ಯಾಲಯಗಳ ಪುಸ್ತಕದ ಬಜೆಟ್ಟನ್ನು ನುಂಗುತ್ತ ಬಂದಿತ್ತು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳ ಓದುಗರಿಗೆ 2025ರಿಂದ ಇವು ತೆರೆದವು. ಸಂಶೋಧನಾ ಪ್ರಬಂಧಗಳಿಗೆ ‘ಶೋಧಗಂಗಾ’ ತಾಣ ಇದ್ದೇ ಇದೆ. ಹೀಗೆ ದೇಶವೇ ಒಟ್ಟಾಗಿ ಕೊಳ್ಳುವುದು ಎಲ್ಲ ಕಡೆಯೂ ಒಂದೇ ಆದಾಗ, ಒಂದು ವಿಶ್ವವಿದ್ಯಾಲಯದ ಸಂಗ್ರಹಕ್ಕೆ ತನ್ನದೇ ಚಹರೆ ಕೊಡುವುದು ಬೇರೆಲ್ಲೂ ಸಿಗದ ವಸ್ತು. ಉಳಿದ ದುಡ್ಡು, ಉಳಿದ ಕೆಲಸದವರು ಹೋಗಬೇಕಾದದ್ದು ಆ ಕಡೆಗೆ.

ಇಂಥ ವಸ್ತು ಕೂಡಿಡುವುದನ್ನು ನಮಗಿಂತ ಮೊದಲು ಮಾಡಿ ತೋರಿಸಿದವರು ಅಮೆರಿಕನ್ನರು. ಗೋಧಿ ಮಾರಿ ಭಾರತದಲ್ಲಿ ಕೂಡಿದ್ದ ರೂಪಾಯಿಗಳನ್ನು ಬಳಸಿ, ಪಿ.ಎಲ್. 480 ಎಂಬ ಕಾನೂನಿನಡಿ, ಅವರ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ 1962ರಿಂದ ಭಾರತೀಯ ಭಾಷೆಗಳ ಹೊಸ ಪ್ರಕಟಣೆಗಳನ್ನು ಕೊಂಡು ತಮ್ಮ ವಿಶ್ವವಿದ್ಯಾಲಯಗಳಿಗೆ ಹಂಚಿತು. ಅವುಗಳಲ್ಲಿ ಕನ್ನಡವೂ ಇತ್ತು. ಊರಲ್ಲಿ ಮುಗಿದುಹೋದ ಕನ್ನಡ ಪುಸ್ತಕ ಶಿಕಾಗೋದಲ್ಲಿದೆ ಎಂದು ನಮ್ಮ ಸಂಶೋಧಕರು ಬರೆಯುವುದಕ್ಕೆ ಮೂಲ ಅಲ್ಲಿದೆ.

ಸ್ಕ್ಯಾನ್ ಮಾಡಿಬಿಟ್ಟರೆ ಚಿಂತೆಯಿಲ್ಲ ಎನ್ನುವವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೈಜೋಡಿಸಿದ್ದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಮಾಡಿತು. ಕೆಲವು ವರ್ಷಗಳ ಬಳಿಕ ಆ ತಾಣವೇ ಮುಚ್ಚಿತು. ಇಂಟರ್‌ನೆಟ್ ಆರ್ಕೈವ್‌ಗೆ ನಕಲು ಹೋಗಿತ್ತಾದ್ದರಿಂದ ಬಹಳಷ್ಟು ಉಳಿಯಿತು. ಅಲ್ಲಿ ಕನ್ನಡ ಪುಸ್ತಕಗಳ ಹೆಸರನ್ನು ಅಡ್ಡಾದಿಡ್ಡಿ ರೋಮನ್ ಅಕ್ಷರದಲ್ಲಿ ಬರೆದಿರುವುದರಿಂದ ಹುಡುಕುವುದು ಇಂದಿಗೂ ಸಾಹಸವೇ. ಫೈಲಿಗೂ ಸೂಚಿ ಬೇಕು, ನಕಲು ಬೇಕು, ಹೊಣೆ ಹೊರುವವರು ಬೇಕು.

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳು ಈಗ ಬೆಂಗಳೂರು ವಿಶ್ವವಿದ್ಯಾಲಯವನ್ನು ವಿಭಜಿಸಿ ಮಾಡಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿವೆ. ಎಳೆಯ ವಿಶ್ವವಿದ್ಯಾಲಯಕ್ಕೆ ಮೈಸೂರಿನಷ್ಟು ಓಲೆಗರಿ ಸಿಗಲಾರದು, ಸಿಗಬೇಕಾಗಿಯೂ ಇಲ್ಲ. ಅದರ ಸುತ್ತಲೇ ಬೇಕಾದಷ್ಟಿದೆ: ಕನ್ನಡ ಲಿಪಿಯ ತೆಲುಗು ಭಜನೆ ಪುಸ್ತಕಗಳು, ಜಾತ್ರೆಯ ಕರಪತ್ರಗಳು, ಶಾಲೆಗಳ ಸ್ಮರಣ ಸಂಚಿಕೆಗಳು, ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯ ದರಪಟ್ಟಿಗಳು, ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನ ರೈತ ಪುಸ್ತಿಕೆಗಳು, ಕೆರೆ ಬತ್ತಿದ ಮೇಲೆ ನೀರಿಗಾಗಿ ನಡೆದ ಹೋರಾಟದ ಪತ್ರಗಳು. ಇವಕ್ಕೆ ಬೆಲೆಪಟ್ಟಿ ಇಲ್ಲ, ಏಜೆಂಟರಿಲ್ಲ, ಟೆಂಡರ್ ಕರೆದರೆ ಬರುವುದಿಲ್ಲ. ಯಾರಾದರೂ ಮನೆಮನೆಗೆ ಹೋಗಿ ಕೇಳಿ ತರಬೇಕು. ಯಾರು ಕೊಟ್ಟರು, ಯಾವ ಊರಿನದು, ಯಾವ ವರ್ಷದ್ದು ಎಂದು ಅಂದೇ ಬರೆದಿಡಬೇಕು. ಇವುಗಳಲ್ಲಿ ಹೆಚ್ಚಿನವು ಅಗ್ಗದ ಕಾಗದದಲ್ಲಿ ಅಚ್ಚಾದವು. ಆ ಕಾಗದದಲ್ಲಿರುವ ಆಮ್ಲವೇ ಅದನ್ನು ಕಂದಾಗಿಸಿ, ಮಡಿಕೆಯಲ್ಲಿ ಮುರಿಯುವಂತೆ ಮಾಡುತ್ತದೆ. 1950, 60ರ ದಶಕದ ಪುಸ್ತಿಕೆಗಳು ಆ ಸ್ಥಿತಿಗೆ ಈಗಾಗಲೇ ಬಂದಿವೆ.