ಮಾವನ ಕಾರು ಮತ್ತು ತೊಂಬತ್ತೊಂದರ ಲೆಕ್ಕ

ನಮ್ಮ ಸಂಪಾದಕ ಮಿತ್ರರು ಈ ಸಲ ಮೊದಲೇ ಎಚ್ಚರಿಕೆ ಕೊಟ್ಟಿದ್ದರು: "ಕವಿತೆ ಬೇಕಾದಷ್ಟು ಬಂದಿವೆ. ನೀನು ಯಾರಿಗಾದರೂ ಉಪಯೋಗಕ್ಕೆ ಬರುವಂಥದ್ದು ಬರಿ." ನಾನು ಕಾಮರ್ಸ್ ವಿದ್ಯಾರ್ಥಿ. ಹತ್ತನೆಯ ತರಗತಿಯವರೆಗೆ ಕುಂದಾಪುರದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಮುಂಬಯಿಗೆ ಬಂದವನು. ಪೆಟ್ರೋಲಿನ ವಿಷಯ ಬರೆಯಲು ನಿನಗೇನು ಅಧಿಕಾರ ಎಂದು ವಿಜ್ಞಾನ ವಿಭಾಗದ ಮಿತ್ರರು ಕೇಳಬಹುದು. ಅಧಿಕಾರ ಏನೂ ಇಲ್ಲ. ಆದರೆ ಲೆಕ್ಕದ ಪುಸ್ತಕ ಬರೆಯುವವನು ಒಮ್ಮೊಮ್ಮೆ ಎಂಜಿನ್ನಿನ ಒಳಗೂ ಇಣುಕಬೇಕಾಗುತ್ತದೆ.

ನಾನಿರುವುದು ಸೋದರಮಾವನ ಮನೆಯಲ್ಲಿ. ಅವರದು ಸಣ್ಣ ಕ್ಯಾಂಟೀನು. ರಾತ್ರಿ ಅದರ ಜಮಾ-ಖರ್ಚು ಬರೆಯುವುದು ನನ್ನ ಕೆಲಸ. ಮಾವನ ಬಳಿ 2012ರ ಮಾಡೆಲ್ಲಿನ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರಿದೆ. ನಮ್ಮ ಕುಟುಂಬಕ್ಕೆ ಅದೇ ಮೊದಲನೆಯ ಕಾರು. ತರಕಾರಿ ತರುವುದಕ್ಕೂ ಅದೇ, ಮೇ ತಿಂಗಳಲ್ಲಿ ಊರಿಗೆ ಹೋಗುವುದಕ್ಕೂ ಅದೇ. 2025ರಲ್ಲಿ ಒಂದು ರಾತ್ರಿ ಬಿಲ್ಲುಗಳನ್ನು ಜೋಡಿಸುವಾಗ, ಪೆಟ್ರೋಲಿನ ದರ ಲೀಟರಿಗೆ ಏಳು ರೂಪಾಯಿ ಜಾಸ್ತಿ ಇರುವುದು ಕಣ್ಣಿಗೆ ಬಿತ್ತು. ಆಗ ಮುಂಬಯಿಯಲ್ಲಿ ಸಾದಾ ಪೆಟ್ರೋಲು 103 ರೂಪಾಯಿ ಚಿಲ್ಲರೆ. ಮಾವ ಹಾಕಿಸುತ್ತಿದ್ದುದು ಪ್ರೀಮಿಯಂ!

"ಮಾವ, ಇದು ಯಾಕೆ?" ಎಂದೆ.

"ಎಂತ ಮಾರಾಯ, ಒಳ್ಳೇದು ತಿಂದ್ರೆ ಅಲ್ದಾ ಗಾಡಿ ಒಳ್ಳೆ ಓಡುದು?" ಎಂದರು ಮಾವ.

ಅದೇ ವಾರ ಕ್ಯಾಂಟೀನಿನಲ್ಲಿ ಲೋಟ ತೊಳೆಯುವ ನಮ್ಮೂರಿನ ಹುಡುಗ ತಿಂಗಳಿಗೆ 500 ರೂಪಾಯಿ ಜಾಸ್ತಿ ಕೇಳಿದ್ದ. "ಈಗ ಆಗುದಿಲ್ಲ, ದೀಪಾವಳಿ ಕಳೀಲಿ" ಎಂದು ಮಾವ ಹೇಳಿದ್ದನ್ನು ನಾನು ಗಲ್ಲೆಯ ಹತ್ತಿರ ಕುಳಿತು ಕೇಳಿದ್ದೆ. ತಿಂಗಳಿಗೆ 60 ಲೀಟರಿನಂತೆ ಏಳು ರೂಪಾಯಿ ಎಂದರೆ 420 ರೂಪಾಯಿ, ವರ್ಷಕ್ಕೆ 5,040. ಈ ಎರಡು ಅಂಕಿಗಳು ನನ್ನ ತಲೆಯಲ್ಲಿ ಅಕ್ಕಪಕ್ಕ ಕುಳಿತವು. ಆದರೆ ನನ್ನ ಫೀಸು ಕಟ್ಟುವ ಮಾವನಿಗೆ ಬರೀ ಬಾಯಿಮಾತಿನಲ್ಲಿ ಬುದ್ಧಿ ಹೇಳಲಾಗುತ್ತದೆಯೇ? ಮೊದಲು ವಿಷಯ ತಿಳಿದುಕೊಳ್ಳಬೇಕು ಎಂದು ಹೊರಟೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಕ್ಟೇನ್ ಎಂದರೆ ಏನು?

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವೆಲ್ಲ ಮುಟ್ಟಿ ನೋಡಿರುತ್ತೀರಿ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲೂ ಪಿಸ್ಟನ್ನು ಮೇಲೆ ಬಂದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ಹತ್ತು ಪಾಲು ಜಾಗದಲ್ಲಿದ್ದುದು ಒಂದು ಪಾಲಿಗೆ ಇಳಿದರೆ ಕಂಪ್ರೆಶನ್ ರೇಶಿಯೋ ಹತ್ತಕ್ಕೆ ಒಂದು ಎನ್ನುತ್ತಾರೆ. ಹೀಗೆ ಒತ್ತಿದ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗು ಕಿಡಿ ಕೊಡುತ್ತದೆ. ಬೆಂಕಿ ಪ್ಲಗ್ಗಿನ ಹತ್ತಿರ ಹತ್ತಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹರಡಿ, ಪಿಸ್ಟನ್ನನ್ನು ಕೆಳಗೆ ತಳ್ಳಬೇಕು. ಇದು ಸರಿಯಾದ ಕ್ರಮ.

ಕೆಲವೊಮ್ಮೆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡ ಮತ್ತು ಶಾಖ ತಾಳಲಾರದೆ ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆಗ ಎಂಜಿನ್ನಿನಿಂದ ಟಕಟಕ ಎಂದು ಲೋಹ ಬಡಿದ ಹಾಗೆ ಸದ್ದು ಬರುತ್ತದೆ. ಇದಕ್ಕೇ ಡ್ರೈವರುಗಳು 'ನಾಕಿಂಗ್' ಎನ್ನುವುದು. ಪಟಾಕಿ ಸರದಲ್ಲಿ ಒಂದಾದ ಮೇಲೊಂದು ಸಿಡಿಯುವುದಕ್ಕೂ ಇಡೀ ಪೊಟ್ಟಣಕ್ಕೆ ಒಮ್ಮೆಲೇ ಬೆಂಕಿ ಬೀಳುವುದಕ್ಕೂ ಇರುವ ವ್ಯತ್ಯಾಸ ಇದು. ಇದು ಜೋರಾಗಿ ಬಹಳ ಕಾಲ ನಡೆದರೆ ಪಿಸ್ಟನ್ನೇ ಹಾಳಾದೀತು.

ಹೀಗೆ ತಾನಾಗಿ ಹೊತ್ತಿಕೊಳ್ಳದೆ ತಾಳುವ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ. 1920ರ ದಶಕದಲ್ಲಿ ಗ್ರಹಾಂ ಎಡ್ಗರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಇದಕ್ಕೊಂದು ತಕ್ಕಡಿ ಮಾಡಿಕೊಟ್ಟರು. ಚೆನ್ನಾಗಿ ತಾಳುವ ಐಸೋ-ಆಕ್ಟೇನಿಗೆ 100 ಅಂಕ, ಸ್ವಲ್ಪವೂ ತಾಳದ ಹೆಪ್ಟೇನಿಗೆ ಸೊನ್ನೆ. 91 ಎಂದರೆ, ಪರೀಕ್ಷೆಯ ಎಂಜಿನ್ನಿನಲ್ಲಿ ಆ ಪೆಟ್ರೋಲು 91 ಪಾಲು ಐಸೋ-ಆಕ್ಟೇನ್ ಮತ್ತು 9 ಪಾಲು ಹೆಪ್ಟೇನ್ ಬೆರೆಸಿದಷ್ಟೇ ತಾಳುತ್ತದೆ ಎಂದರ್ಥ. ಪೆಟ್ರೋಲಿನಲ್ಲಿ ನಿಜವಾಗಿ ಅಷ್ಟು ಪಾಲು ಆಕ್ಟೇನ್ ಇರಬೇಕೆಂದೇನೂ ಇಲ್ಲ.

ಮಾವನ ತಪ್ಪು, ನನ್ನ ತಪ್ಪು

ಆಕ್ಟೇನ್ ಜಾಸ್ತಿಯಾದರೆ ಶಕ್ತಿ ಜಾಸ್ತಿ ಎಂಬುದು ಮಾವನ ನಂಬಿಕೆ. ನನ್ನದೂ ಅದೇ ಆಗಿತ್ತು. ಇದು ತಪ್ಪು ಎಂಬುದಕ್ಕೆ ಎಥೆನಾಲಿಗಿಂತ ಒಳ್ಳೆಯ ಸಾಕ್ಷಿ ಬೇಡ. ಅದರ ಆಕ್ಟೇನ್ ಸಂಖ್ಯೆ 108ರ ಆಸುಪಾಸು. ಆದರೆ ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ! ತಾಳುವ ಗುಣವೇ ಬೇರೆ, ಶಕ್ತಿಯೇ ಬೇರೆ. ಹೆಚ್ಚು ಒತ್ತುವ ಎಂಜಿನ್ನಿಗೆ, ಟರ್ಬೋ ಇರುವ ಎಂಜಿನ್ನಿಗೆ ಹೆಚ್ಚು ತಾಳುವ ಪೆಟ್ರೋಲು ಬೇಕಾಗಬಹುದು. ಅಲ್ಲಿ ಅದರಿಂದ ಲಾಭ ಉಂಟು. ಕಡಿಮೆ ಒತ್ತುವ ಎಂಜಿನ್ನಿಗೆ ಅದನ್ನು ಕೊಟ್ಟರೆ ಹಾನಿಯೂ ಇಲ್ಲ, ಲಾಭವೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮಾರ್ಜಿನಲ್ ಯುಟಿಲಿಟಿ ಸೊನ್ನೆ. 2016ರಲ್ಲಿ ಅಮೆರಿಕದ ಎಎಎ ಎಂಬ ವಾಹನಚಾಲಕರ ಸಂಸ್ಥೆ ಲೆಕ್ಕ ಹಾಕಿದಾಗ, ಬೇಡದ ಪ್ರೀಮಿಯಂ ಪೆಟ್ರೋಲಿಗೆ ಆ ದೇಶದವರು ವರ್ಷದಲ್ಲಿ 210 ಕೋಟಿ ಡಾಲರ್ ದಂಡ ಕಟ್ಟುತ್ತಿದ್ದರಂತೆ. ಮಾವ ಒಬ್ಬರೇ ಅಲ್ಲ!

ಇನ್ನು ನನ್ನ ತಪ್ಪು. ಅಮೆರಿಕದಲ್ಲಿ ಸಾದಾ ಪೆಟ್ರೋಲು 87, ಪ್ರೀಮಿಯಂ 91 ಎಂದು ಓದಿ, "ನಮ್ಮ ಸಾದಾ 91 ಎಂದರೆ ಅಲ್ಲಿಯ ಪ್ರೀಮಿಯಂ!" ಎಂದು ಹಾರಾಡಿದೆ. ಹಾಗಲ್ಲ. ಪರೀಕ್ಷೆಗಳು ಎರಡು. ರಿಸರ್ಚ್ ವಿಧಾನದಲ್ಲಿ ಎಂಜಿನ್ನು ನಿಮಿಷಕ್ಕೆ 600 ಸುತ್ತು ತಿರುಗುತ್ತದೆ. ಮೋಟಾರ್ ವಿಧಾನದಲ್ಲಿ 900 ಸುತ್ತು, ಪರೀಕ್ಷೆಯೂ ಹೆಚ್ಚು ಕಠಿಣ, ಅಂಕಿಯೂ ಕಡಿಮೆ ಬರುತ್ತದೆ. ಭಾರತದಲ್ಲಿ ಬರೆಯುವುದು ರಿಸರ್ಚ್ ಸಂಖ್ಯೆ, ಅಂದರೆ ರಾನ್. ಅಮೆರಿಕದ ಪಂಪಿನಲ್ಲಿ ಬರೆಯುವುದು ಎರಡರ ಸರಾಸರಿ. ಅವರ 87 ಸುಮಾರಾಗಿ ನಮ್ಮ 91ಕ್ಕೆ ಸಮ. ಬೇರೆ ಬೇರೆ ನಾಣ್ಯದ ಲೆಕ್ಕವನ್ನು ಒಂದೇ ಕಾಲಮಿನಲ್ಲಿ ಕೂಡಿಸಬಾರದು ಎಂದು ಕಾಮರ್ಸಿನವನಾದ ನನಗೇ ಮರೆತುಹೋಗಿತ್ತು.

ನಮ್ಮ ಪಂಪಿನಲ್ಲಿ ಇರುವುದೇನು?

ಬಿಎಸ್-2 ಕಾಲದಲ್ಲಿ ನಮ್ಮ ಸಾದಾ ಪೆಟ್ರೋಲಿನ ರಾನ್ 88 ಇತ್ತು. ಆಮೇಲೆ 91 ಆಯಿತು. ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಅದು 95ಕ್ಕೆ ಏರಿದೆ. ಅದರ ಮೇಲೆ 95, 97, 99, 100 ಎಂಬ ಅಂಕಿಗಳ ಪ್ರೀಮಿಯಂ ಪೆಟ್ರೋಲುಗಳು ಬಂದಿವೆ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ 100ರದ್ದನ್ನು ಮೊದಲು 10 ನಗರಗಳಲ್ಲಿ ಮಾರಲು ತೊಡಗಿತು. ಅದರ ಬೆಲೆ ಸಾದಾ ಪೆಟ್ರೋಲಿಗಿಂತ ಬಹಳ ಜಾಸ್ತಿ. ಪ್ರೀಮಿಯಂನಲ್ಲಿ ಎಂಜಿನ್ನಿನ ಒಳಗೆ ಮಸಿ ಕಟ್ಟದಂತೆ ಬೆರೆಸುವ ಕೆಲವು ರಾಸಾಯನಿಕಗಳೂ ಇರುತ್ತವೆ ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಹಳೆಯ ಗಾಡಿಯವರ ಚಿಂತೆ ಬೇರೆ. ನೀತಿ ಆಯೋಗದ 2021ರ ವರದಿಯ ಪ್ರಕಾರ, ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಿಗೆ ಇ20 ಹಾಕಿದರೆ ಮೈಲೇಜು ಶೇಕಡಾ 6ರಿಂದ 7ರಷ್ಟು ಇಳಿಯಬಹುದು. ರಬ್ಬರಿನ ಭಾಗಗಳ ಬಗ್ಗೆಯೂ ಜನರಿಗೆ ಭಯವಿದೆ. ಎಥೆನಾಲ್ ಬೇಡವೆಂದೇ ಕೆಲವರು 100 ಆಕ್ಟೇನಿನ ಪೆಟ್ರೋಲಿಗೆ ಹೋಗುತ್ತಾರೆ. ಅದು ಎಥೆನಾಲಿನ ಪ್ರಶ್ನೆ. ಅದನ್ನು ಆಕ್ಟೇನಿನ ಖಾತೆಗೆ ಬರೆಯಬಾರದು.

ಅರಬೈಲ್ ಘಾಟಿಯ ಪಾಠ

ಇಷ್ಟೆಲ್ಲ ಹೇಳಿದರೂ ಮಾವ ಒಪ್ಪಲಿಲ್ಲ. "ಹೋದ ಮೇ ತಿಂಗಳು ಅರಬೈಲ್ ಘಾಟಿಯಲ್ಲಿ ಗಾಡಿ ಹೆಂಗೆ ಟಕಟಕ ಹೇಳ್ತು, ನೀನೂ ಇದ್ದೆ ಅಲ್ದಾ?" ಎಂದರು. ನಿಜ, ಇದ್ದೆ. ಊರಿನಿಂದ ಹಿಂದಿರುಗುವಾಗ ಡಿಕ್ಕಿಯಲ್ಲಿ ಒಂದು ಚೀಲ ತೆಂಗಿನಕಾಯಿ, ಒಂದು ಮೂಟೆ ಕುಚ್ಚಲಕ್ಕಿ, ಎರಡು ಹಲಸಿನಹಣ್ಣು. ಒಳಗೆ ಐದು ಜನ, ಮೇಲೆ ಎ.ಸಿ. ಬೇರೆ. ಮುಂದೆ ತೆವಳುವ ಲಾರಿ. ಮಾವ ಪೆಟ್ರೋಲು ಉಳಿಯಲಿ ಎಂದು ನಾಲ್ಕನೇ ಗೇರಿನಲ್ಲೇ ಎಕ್ಸಲರೇಟರ್ ಒತ್ತುತ್ತಿದ್ದರು.

"ಆವತ್ತು ಟ್ಯಾಂಕಿಯಲ್ಲಿ ಇದ್ದದ್ದು ಯಾವ ಪೆಟ್ರೋಲು ಮಾವ?" ಎಂದು ಕೇಳಿದೆ.

ಮಾವ ಸ್ವಲ್ಪ ಹೊತ್ತು ಸುಮ್ಮನಾದರು. ಆವತ್ತು ಅದರಲ್ಲಿ ಇದ್ದದ್ದು ಪ್ರೀಮಿಯಮ್ಮೇ!

ಎಂಜಿನ್ನು ನಿಧಾನವಾಗಿ ತಿರುಗುತ್ತ ದೊಡ್ಡ ಭಾರ ಎಳೆಯುವಾಗ ಮೂಲೆಯ ಮಿಶ್ರಣಕ್ಕೆ ತಾನಾಗಿ ಹೊತ್ತಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ಒಳಗೆ ಮಸಿ ಕಟ್ಟಿದ್ದರೆ ಇನ್ನೂ ಸುಲಭ. ಅದಕ್ಕೆ ಮದ್ದು ಗೇರು ಇಳಿಸುವುದು. ಮೆಕ್ಯಾನಿಕ್ಕಿನ ಹತ್ತಿರ ಹೋದಾಗ ಅವನೂ ಇದನ್ನೇ ಹೇಳಿ, ಒಳಗಿನ ಮಸಿ ತೆಗೆದು, ಪ್ಲಗ್ಗು ಬದಲಿಸಿಕೊಟ್ಟ. ಕಾರಿನ ಪುಸ್ತಕ ಗ್ಲೌ ಬಾಕ್ಸಿನಲ್ಲಿ ಟೋಲ್ ಚೀಟಿಗಳ ಅಡಿಯಲ್ಲಿ ಸಿಕ್ಕಿತು. ಅದರಲ್ಲಿ ಸ್ಪಷ್ಟವಾಗಿ ಇತ್ತು: ರಾನ್ 91 ಅಥವಾ ಮೇಲ್ಪಟ್ಟು.

ಹಾಗಾದರೆ ಏನು ಮಾಡಬೇಕು?

ಮೊದಲು ಕಾರಿನ ಪುಸ್ತಕ ನೋಡಿ, ಇಲ್ಲವೇ ಪೆಟ್ರೋಲ್ ಮುಚ್ಚಳದ ಒಳಬದಿ ನೋಡಿ. 'ಕನಿಷ್ಠ 91' ಎಂದಿದ್ದರೆ ಸಾದಾ ಪೆಟ್ರೋಲು ಸಾಕು. ಅದಕ್ಕಿಂತ ದೊಡ್ಡ ಅಂಕಿ ಇದ್ದರೆ ಆ ಅಂಕಿಗೆ ಕಡಿಮೆಯಿಲ್ಲದ್ದನ್ನೇ ಹಾಕಿಸಿ, ಅಲ್ಲಿ ಜಿಪುಣತನ ಬೇಡ. ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ನನ್ನ ಹೊಸ ವಿದ್ಯೆಯ ಹುಮ್ಮಸ್ಸಿನಲ್ಲಿ ನಮ್ಮ ಬಿಲ್ಡಿಂಗಿನ ಒಬ್ಬರಿಗೆ "ಸಾದಾ ಸಾಕು ಅಂಕಲ್" ಎಂದುಬಿಟ್ಟೆ. ಅವರು ತಮ್ಮ ವಿದೇಶಿ ಕಾರಿನ ಮುಚ್ಚಳ ತೆರೆದು ತೋರಿಸಿದರು: 'ಕನಿಷ್ಠ 98'. ನಾಚಿಕೆಯಿಂದ ತಲೆ ತಗ್ಗಿಸಿದೆ. ಅಂಥ ಕಾರಿಗೆ ಕಡಿಮೆ ಅಂಕಿಯದ್ದು ಹಾಕಿದರೆ, ನಾಕ್ ಸೆನ್ಸರ್ ಎಂಬ ಕಿವಿ ಸದ್ದು ಹಿಡಿದು ಕಿಡಿಯ ಸಮಯವನ್ನು ತಡಮಾಡಿ ಎಂಜಿನ್ನನ್ನು ಕಾಪಾಡಲು ನೋಡುತ್ತದೆ. ಆದರೆ ಎಳೆತ ಕಡಿಮೆಯಾಗುತ್ತದೆ, ಪೆಟ್ರೋಲು ಜಾಸ್ತಿ ಕುಡಿಯುತ್ತದೆ. ಉಳಿಸಿದ ಹಣ ಹಾಗೆಯೇ ಹೋಗುತ್ತದೆ. ಸೆನ್ಸರ್ ಇಲ್ಲದ ಹಳೆಯ ಗಾಡಿಯಲ್ಲಿ ಆ ರಕ್ಷಣೆಯೂ ಇಲ್ಲ.

ಇನ್ನೊಂದು ಮಾತು. ಪಂಪಿನಲ್ಲಿ ಪೈಪು ಇಡುವ ಮೊದಲೇ "ಸಾದಾ" ಎಂದು ಬಾಯಿಬಿಟ್ಟು ಹೇಳಿ. ನಾವು ಮೀಟರಿನ ಸೊನ್ನೆ ಮಾತ್ರ ನೋಡುತ್ತೇವೆ, ಅದರ ಪಕ್ಕದ ದರ ನೋಡುವುದಿಲ್ಲ. ಮಾವನಿಗೆ ಪ್ರೀಮಿಯಂ ಅಭ್ಯಾಸವಾದದ್ದೇ ಒಂದು ಪಂಪಿನಲ್ಲಿ ಕೇಳದೆ ಹಾಕಿದ್ದರಿಂದ ಎಂದು ಆಮೇಲೆ ಗೊತ್ತಾಯಿತು.

ಒಂದು ಕಾಲದಲ್ಲಿ ಆಕ್ಟೇನ್ ಏರಿಸಲು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. 1921ರಲ್ಲಿ ಥಾಮಸ್ ಮಿಡ್‌ಗ್ಲಿ ಕಂಡುಹಿಡಿದ ಆ ಉಪಾಯ ಊರೂರಿನ ಗಾಳಿಗೆ ವಿಷ ಬೆರೆಸಿತು. ನಮ್ಮ ದೇಶದಲ್ಲಿ ಅದು 2000ನೇ ಇಸವಿಯಲ್ಲಿ ನಿಂತಿತು. ಅಂಕಿ ಏರಿತು ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಾಯಿತು ಎಂದಲ್ಲ ಎಂಬುದಕ್ಕೆ ಇದೂ ಒಂದು ಉದಾಹರಣೆ.

ಮಾವ ನನ್ನ ಲೆಕ್ಕಕ್ಕೆ ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಮುಂದಿನ ತಿಂಗಳು ಬಿಲ್ಲು ಜೋಡಿಸುವಾಗ ಸಾದಾ ದರ ಕಂಡಿತು. ಸಂಬಳದ ಪುಸ್ತಕ ತೆರೆದರೆ ಹುಡುಗನ ಹೆಸರಿನ ಮುಂದೆ ಮಾವನ ಕೈಬರಹದಲ್ಲೇ 500 ಜಾಸ್ತಿ ಬರೆದಿತ್ತು. 420 ಉಳಿಸಿ 500 ಕೊಟ್ಟರೆ 80 ರೂಪಾಯಿ ಕೊರತೆ. ಕಾಮರ್ಸ್ ವಿದ್ಯಾರ್ಥಿಯಾದರೂ ಅದನ್ನು ಮಾವನಿಗೆ ತೋರಿಸಲು ಹೋಗಲಿಲ್ಲ.