ಕಡತದ ಪೂರ್ಣ ಹೆಸರು ಕಾಣಲಿ

ಗಣಕಯಂತ್ರವು ಮನೆಗೆ ಬರುವ ಮುನ್ನವೇ ಅದರ ಅನೇಕ ಆಯ್ಕೆಗಳನ್ನು ತಯಾರಕರು ನಮ್ಮ ಪರವಾಗಿ ನಿರ್ಧರಿಸಿರುತ್ತಾರೆ. ಇವುಗಳಿಗೆ ‘ಡೀಫಾಲ್ಟ್’ ಎಂದು ಹೆಸರು. ಹೆಚ್ಚಿನ ಬಳಕೆದಾರರು ಇವನ್ನು ಎಂದೂ ಬದಲಿಸುವುದಿಲ್ಲ; ಆದುದರಿಂದಲೇ ಇವು ವಿವೇಕಯುತವಾಗಿರಬೇಕು.

ವಿಂಡೋಸ್‌ನಲ್ಲಿ ಕಡತಗಳನ್ನು ತೋರಿಸುವ ಫೈಲ್ ಎಕ್ಸ್‌ಪ್ಲೋರರ್, ಪರಿಚಿತ ಕಡತಗಳ ಹೆಸರಿನ ಕೊನೆಯ ಭಾಗವನ್ನು, ಅಂದರೆ ಎಕ್ಸ್‌ಟೆನ್ಷನ್ ಅನ್ನು, ತಾನಾಗಿಯೇ ಮರೆಮಾಡುತ್ತದೆ. ನೋಟಕ್ಕೆ ಇದು ಅಚ್ಚುಕಟ್ಟು. ಹೆಸರು ಬದಲಿಸುವಾಗ ಆ ಭಾಗ ಅಳಿಸಿಹೋಗುವ ಭಯವೂ ಇಲ್ಲ. ಆದರೆ ಕಡತದ ನಿಜಸ್ವರೂಪ ತಿಳಿಯುವುದು ಆ ಭಾಗದಿಂದಲೇ. 2000ದ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ‘ಐ ಲವ್ ಯು’ ವೈರಸ್ ಈ ಮರೆಯನ್ನೇ ಬಳಸಿಕೊಂಡಿತು. ‘ಟಿಎಕ್ಸ್‌ಟಿ.ವಿಬಿಎಸ್’ ಎಂದು ಮುಗಿಯುತ್ತಿದ್ದ ಹೆಸರಿನಲ್ಲಿ ‘ವಿಬಿಎಸ್’ ಅಡಗಿ, ಅಪಾಯಕಾರಿ ಆಜ್ಞಾಕಡತವು ಸಾಧಾರಣ ಪತ್ರದಂತೆ ಕಂಡಿತು. ಇಂದಿಗೂ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂಬ ವಂಚಕ ಕಡತವು ಬರಿಯ ‘ಬಿಲ್.ಪಿಡಿಎಫ್’ ಆಗಿ ತೋರಬಲ್ಲದು.

ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ವ್ಯೂ’, ಅನಂತರ ‘ಶೋ’, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದನ್ನು ಆರಿಸಿದರೆ ಪೂರ್ಣ ಹೆಸರು ಕಾಣುತ್ತದೆ. ಹಾಗೆಯೇ ‘ರಿಸೈಕಲ್ ಬಿನ್’ನ ‘ಪ್ರಾಪರ್ಟೀಸ್’ನಲ್ಲಿ, ಅಳಿಸುವ ಮುನ್ನ ಒಪ್ಪಿಗೆ ಕೇಳುವ ಆಯ್ಕೆಯನ್ನೂ ಗುರುತಿಸಿಡುವುದು ಲೇಸು. ವ್ಯವಸ್ಥೆಯ ಗುಪ್ತ ಕಡತಗಳು ಮಾತ್ರ ಗುಪ್ತವಾಗಿಯೇ ಇರಲಿ. ಅವನ್ನು ಕೈತಪ್ಪಿ ಅಳಿಸಿದರೆ ಯಂತ್ರವೇ ನಿಂತೀತು.

ಮಕ್ಕಳ ಛಾಯಾಚಿತ್ರಗಳು, ಮನೆಯ ದಾಖಲೆಪತ್ರಗಳು ಇಂದು ಗಣಕದಲ್ಲೇ ಇವೆ. ಈ ಎರಡು ನಿಮಿಷಗಳ ಕೆಲಸವನ್ನು ಮನೆಯ ಹಿರಿಯರ ಯಂತ್ರದಲ್ಲೂ ಮಾಡಿಕೊಡೋಣ.