ನಳಿಗೆಯ ಗುರಿಗೆ ಮರದ ಆಸರೆ

ಬಳ್ಳಾರಿಯ ಕೌಲ್ ಬಜಾರ್ ದಂಡಿನ ಆಸರೆಯಲ್ಲಿ ಬೆಳೆದ ಪೇಟೆ. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಯೊಡನೆ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದ ಬಳ್ಳಾರಿಯು ಮದರಾಸು ಪ್ರಾಂತ್ಯದ ಮುಖ್ಯ ಸೇನಾ ನೆಲೆಗಳಲ್ಲೊಂದಾಯಿತು. ಆ ನೆನಪು ಕಂಟೋನ್ಮೆಂಟ್ ರೈಲು ನಿಲ್ದಾಣದ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಇಂಥ ನೆಲೆಗಳಲ್ಲಿ ಸಿಪಾಯಿಯಷ್ಟೇ ಅಗತ್ಯವಾಗಿದ್ದವನು ಅವನ ಬಂದೂಕನ್ನು ಸುಸ್ಥಿತಿಯಲ್ಲಿಡುವ ಕುಶಲಕರ್ಮಿ. ಅವನ ಕಸುಬಿನಲ್ಲಿ ಹೆಚ್ಚು ತಾಳ್ಮೆ ಬೇಡುವ ಕೆಲಸವೆಂದರೆ ರೈಫಲ್‌ನ ಮುಂಭಾಗದ ಮರವನ್ನು, ಅಂದರೆ ನಳಿಗೆಯ ಕೆಳಗೆ ಚಾಚಿಕೊಂಡು ಎಡಗೈಗೆ ಹಿಡಿತ ಕೊಡುವ ಫೋರ್‌ಎಂಡನ್ನು, ಲೋಹದ ಭಾಗಗಳಿಗೆ ಸರಿಯಾಗಿ ಕೂರಿಸುವುದು.

ಭಾರತದಲ್ಲಿ ಈ ಕೆಲಸವನ್ನು ಅರಿಯಲು ‘ತ್ರೀ ನಾಟ್ ತ್ರೀ’ ಎಂದೇ ಜನಜನಿತವಾದ ಲೀ-ಎನ್‌ಫೀಲ್ಡ್ ರೈಫಲ್ ಒಳ್ಳೆಯ ಉದಾಹರಣೆ. 1907ರಲ್ಲಿ ಬಳಕೆಗೆ ಬಂದ ಇದರ ಮಾರ್ಕ್ 3 ಮಾದರಿಯು ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿಯೂ ತಯಾರಾಗಿ, ಸ್ವಾತಂತ್ರ್ಯಾನಂತರವೂ ದಶಕಗಳ ಕಾಲ ಪೊಲೀಸರ ಹೆಗಲ ಮೇಲಿತ್ತು.

ಗುಂಡು ಹಾರಿದ ಕ್ಷಣದಲ್ಲಿ ನಳಿಗೆಯು ಕಂಪಿಸುತ್ತದೆ, ಕ್ರಮೇಣ ಕಾಯುತ್ತದೆ. ಕಂಪನ ಪ್ರತಿಸಲವೂ ಒಂದೇ ಬಗೆಯಲ್ಲಿದ್ದರೆ ಗುಂಡುಗಳು ಒಂದೆಡೆ ಗುಂಪುಗೂಡುತ್ತವೆ. ಮರವು ನಳಿಗೆಯನ್ನು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಒತ್ತಿದರೆ ಅವು ಚದುರುತ್ತವೆ. ಚದುರುವಿಕೆಯನ್ನು ಕೋನದ ನಿಮಿಷದಲ್ಲಿ, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗದಲ್ಲಿ ಅಳೆಯುತ್ತಾರೆ. 100 ಮೀಟರ್ ದೂರದಲ್ಲಿ ಅದು ಸುಮಾರು 2.9 ಸೆಂಟಿಮೀಟರ್. ಆದ್ದರಿಂದ ಮರವು ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದು ಎಂಬ ನಿರ್ಣಯವೇ ಈ ಕಸುಬಿನ ತಿರುಳು.

ಮಾರ್ಕ್ 3ರಲ್ಲಿ ನಳಿಗೆಯ ಹಿಂಬದಿಯ ದಪ್ಪ ಭಾಗವು ಮರದ ಮೇಲೆ ಭದ್ರವಾಗಿ ಕೂರಬೇಕು, ತುದಿಯ ಬಳಿ ಸ್ಪ್ರಿಂಗ್ ಇರುವ ಪುಟ್ಟ ಗೂಟವೊಂದು ನಳಿಗೆಯನ್ನು ಹಗುರವಾಗಿ ಮೇಲಕ್ಕೆ ಒತ್ತಬೇಕು, ನಡುವಿನ ಉದ್ದಕ್ಕೂ ನಳಿಗೆ ಮರಕ್ಕೆ ತಾಗದಿರಬೇಕು. ಗುಂಡು ಹಾರಿದಾಗ ಹಿಂದಕ್ಕೆ ಬರುವ ಒದೆತವನ್ನು ಮರದ ಹಿಂತುದಿಯ ಎರಡು ಆನಿಕೆಗಳು ತಡೆಯುತ್ತವೆ. ಇವುಗಳಲ್ಲಿ ಒಂದು ಸವೆದರೂ ಒದೆತದ ಭಾರ ಒಂದೇ ಮಗ್ಗುಲಿಗೆ ಬಿದ್ದು ಗುರಿ ಪಕ್ಕಕ್ಕೆ ಸರಿಯುತ್ತದೆ. ಮರ ಸೀಳುವುದೂ ಉಂಟು. ಅದನ್ನು ತಡೆಯಲೆಂದೇ ಇಛಾಪುರದ ರೈಫಲ್‌ಗಳ ಮರಕ್ಕೆ ಅಡ್ಡಲಾಗಿ ಒಂದು ತಿರುಪನ್ನು ಬಿಗಿಯುತ್ತಿದ್ದರು.

ಆನಿಕೆಯನ್ನು ಸರಿಪಡಿಸುವ ವಿಧಾನ ಸರಳ, ಆದರೆ ನಿಧಾನದ್ದು. ಲೋಹಕ್ಕೆ ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ತೆಳ್ಳಗೆ ಬಳಿದು ಮರದಲ್ಲಿ ಕೂರಿಸಿ ಎತ್ತಿದರೆ, ತಾಗಿದ ಜಾಗಗಳಲ್ಲಷ್ಟೇ ಕಪ್ಪು ಮೂಡುತ್ತದೆ. ಆ ಕಪ್ಪನ್ನು ಮಾತ್ರ ಉಳಿಯಿಂದ ಹೆರೆದು ಮತ್ತೆ ಕೂರಿಸುತ್ತ, ಎರಡೂ ಆನಿಕೆಗಳ ಮೇಲೆ ಮಸಿ ಸಮನಾಗಿ ಹರಡುವವರೆಗೂ ಇದನ್ನೇ ಮುಂದುವರಿಸಬೇಕು. ಹೆಚ್ಚು ಹೆರೆದರೆ ಅದೇ ಜಾತಿಯ ಮರದ ತುಂಡನ್ನು ಎಳೆಯ ದಿಕ್ಕು ನೋಡಿ ಅಂಟಿಸುವುದೊಂದೇ ದಾರಿ. ಕೊನೆಗೆ ಹೆರೆದ ಮೈಗೆ ಅಗಸೆ ಎಣ್ಣೆ ಉಣಿಸುತ್ತಾರೆ. ನಳಿಗೆಗೂ ಮರಕ್ಕೂ ನಡುವೆ ಕಾಗದದ ಪಟ್ಟಿ ಎಲ್ಲಿಯೂ ಸಿಕ್ಕದೆ ಜಾರಿದರೆ ನಡುಭಾಗ ಬಿಡುವಾಗಿದೆ ಎಂದರ್ಥ.

ಬಳ್ಳಾರಿಯಂಥ ಒಣಸೀಮೆಯಲ್ಲಿ ಈ ಪರೀಕ್ಷೆಗೆ ವಿಶೇಷ ಮಹತ್ವವಿದೆ. 40 ಡಿಗ್ರಿ ಮೀರುವ ಬೇಸಿಗೆಯಲ್ಲಿ ತೇವ ಕಳೆದುಕೊಂಡ ಅಕ್ರೋಟು ಮರವು ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ. ಮುಖ್ಯ ತಿರುಪಿನ ಸುತ್ತಲಿನ ಲೋಹದ ಕೊಳವೆ ಮಾತ್ರ ಕುಗ್ಗದಿರುವುದರಿಂದ, ತಿರುಪು ಬಿಗಿಯಾಗಿಯೇ ಕಂಡರೂ ಮರ ಸಡಿಲವಾಗಿರುತ್ತದೆ. ಮಳೆಗಾಲದಲ್ಲಿ ಅದೇ ಮರ ಉಬ್ಬಿ ನಳಿಗೆಯನ್ನು ಒತ್ತುತ್ತದೆ. ಇಂದಿನ ಸ್ಪರ್ಧಾ ರೈಫಲ್‌ಗಳಲ್ಲಿ ಅಲ್ಯೂಮಿನಿಯಂ ಚೌಕಟ್ಟು ಅಥವಾ ಎಪಾಕ್ಸಿ ಅಂಟಿನ ಹಾಸು ಬಳಸುವುದು ಋತುಮಾನದ ಈ ಏರುಪೇರನ್ನು ತಪ್ಪಿಸಲೆಂದೇ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ದುರಸ್ತಿಯ ವೃತ್ತಿಗೆ ಪರವಾನಗಿ ಬೇಕು. ಪರವಾನಗಿ ಪಡೆದ ನುರಿತ ಕುಶಲಕರ್ಮಿಯು ಗುರಿ ತಪ್ಪುವ ರೈಫಲ್ ಕೈಗೆ ಬಂದಾಗ ನಳಿಗೆಯನ್ನು ದೂರುವ ಮೊದಲು ಮರವನ್ನು ಬಿಚ್ಚಿ ನೋಡುತ್ತಾನೆ. ಹೊಸ ನಳಿಗೆಯ ಖರ್ಚು ಎಷ್ಟೋ ಸಲ ಅಲ್ಲಿಯೇ ಉಳಿಯುತ್ತದೆ.